ಗುಂಡಿ ಮುಚ್ಚಲು ಗುದ್ದಲಿ ಪೂಜೆ

ಬಹಳ ಹಿಂದಿನ ಮಾತು. ಶುಭಾವತಿ ಎಂಬುದೊಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದು ಕೇಳುವ ಓದುಗರಿಗೆ ಇಷ್ಟೇ ಹೇಳಬಲ್ಲೆ: ಅದು ನಮ್ಮದೇ ಊರಿರಬಹುದೆಂಬ ಅನುಮಾನ ಯಾರಿಗೂ ಬಾರದಷ್ಟು ಹಿಂದೆ.

ಆ ರಾಜ್ಯವನ್ನು ಆರಂಭವರ್ಮನೆಂಬ ಮಹಾರಾಜನು ಆಳುತ್ತಿದ್ದನು. ಆತ ಕ್ರೂರಿಯಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಬೆಳಗ್ಗೆ ಎದ್ದು, ಮಿಂದು, ಹಣೆಗೆ ತಿಲಕವಿಟ್ಟು, ಬೆಳ್ಳಿ ಹಿಡಿಯ ಗುದ್ದಲಿಯನ್ನು ರಥದಲ್ಲಿಟ್ಟುಕೊಂಡು ಹೊರಟನೆಂದರೆ ಊಟದ ಹೊತ್ತಿನೊಳಗೆ ಮೂರು ಗುದ್ದಲಿ ಪೂಜೆ, ಊಟವಾದ ಮೇಲೆ ಎರಡು. ಹೋದಲ್ಲೆಲ್ಲ ಶಾಮಿಯಾನ, ವಾಲಗ, ಆಳೆತ್ತರದ ಫ್ಲೆಕ್ಸು. ಮಹಾರಾಜನು ಕಾಯಿ ಒಡೆದು, ಕರ್ಪೂರ ಬೆಳಗಿ, ನೆಲಕ್ಕೆ ಮೂರು ಸಲ ಗುದ್ದಲಿ ಮುಟ್ಟಿಸುವನು. ಜಯಘೋಷವಾಗುವುದು. ಆಮೇಲೆ ದೊಡ್ಡ ಯಂತ್ರವೊಂದು ಬಂದು ಒಂದಿಡೀ ಹಗಲು ಅಗೆಯುವುದು. ಮರುದಿನ ಅದೇ ಯಂತ್ರಕ್ಕೆ ಬೇರೆ ಊರಿನಲ್ಲಿ ಪೂಜೆಯಿರುವುದರಿಂದ ಅದು ಹೊರಟುಹೋಗುವುದು. ಗುಂಡಿ ಮಾತ್ರ ಅಲ್ಲೇ ಉಳಿಯುವುದು.

ಒಮ್ಮೆ ಮಹಾರಾಜನಿಗೇ ಸಣ್ಣದೊಂದು ಸಂದೇಹ ಬಂತು. ಪ್ರಧಾನಮಂತ್ರಿಯಾದ ತಥಾಸ್ತುರಾಯನನ್ನು ಕರೆದು ಕೇಳಿದನು:

"ಮಂತ್ರಿಗಳೇ, ನಾವು ಯಾವುದಾದರೂ ಕೆಲಸವನ್ನು ಮುಗಿಸಿದ್ದೇವೆಯೆ?"

ತಥಾಸ್ತುರಾಯನು ಎರಡೂ ಕಿವಿ ಮುಚ್ಚಿಕೊಂಡನು. "ಶಾಂತಂ ಪಾಪಂ! ಮುಗಿಯುವುದು ಎಂಬುದು ಪ್ರಭುಗಳ ಬಾಯಲ್ಲಿ ಬರಬಾರದ ಮಾತು. ಮುಗಿದ ಸೇತುವೆಯಲ್ಲಿ ಜನ ಬಿರುಕು ಹುಡುಕುತ್ತಾರೆ. ಮುಗಿದ ಆಸ್ಪತ್ರೆಯಲ್ಲಿ ವೈದ್ಯರನ್ನು ಹುಡುಕುತ್ತಾರೆ. ಆರಂಭವಾದ ಕೆಲಸದಲ್ಲಿ ಏನನ್ನು ಹುಡುಕಿಯಾರು? ಅಲ್ಲಿ ಹುಡುಕಲು ಏನೂ ಇರುವುದೇ ಇಲ್ಲ."

ಮಹಾರಾಜನಿಗೆ ಈ ರಾಜನೀತಿ ಬಹಳ ಹಿಡಿಸಿತು. ಅಂದಿನಿಂದ ಶುಭಾವತಿಯ ಕಡತಗಳಲ್ಲಿ 'ಆಗಿಲ್ಲ' ಎಂಬ ಪದವನ್ನು ನಿಷೇಧಿಸಿ, ಅದರ ಜಾಗದಲ್ಲಿ 'ಪ್ರಗತಿಯಲ್ಲಿದೆ' ಎಂದು ಬರೆಯತಕ್ಕದ್ದೆಂದು ಸುತ್ತೋಲೆ ಹೊರಟಿತು.

ರಾಜ್ಯದ ಗಡಿಯಲ್ಲಿ ಅಂಚಿನೂರು ಎಂಬ ಹಳ್ಳಿ. ಅಲ್ಲಿಯ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಿದ್ದವಳು ಕೆಂಪೀರಮ್ಮ. ಅವಳ ಮೊಮ್ಮಗಳು, ಚಿಕ್ಕತಾಯಿ ಎಂಬ ತಾಯಿಯಿಲ್ಲದ ಹುಡುಗಿ, ಅದೇ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿದ್ದಳು. ಶಾಲೆಗೆ ಕುಡಿಯುವ ನೀರಿರಲಿಲ್ಲ. ಮೂರು ವರ್ಷದ ಹಿಂದೆ ಮಹಾರಾಜನು ಬಂದು ನೀರಿನ ತೊಟ್ಟಿಗೆ ಗುದ್ದಲಿ ಪೂಜೆ ಮಾಡಿದ್ದನು. ಶಾಲೆಯ ಬಾಗಿಲಿನ ಎಡಗಡೆ ಎಂಟಡಿ ಆಳದ ಗುಂಡಿಯಾಗಿತ್ತು. ತೊಟ್ಟಿ ಪ್ರಗತಿಯಲ್ಲಿತ್ತು.

ಈ ವರ್ಷ ಮುಂಗಾರು ಜೋರಾಗಿ ಬಂತು. ನೀರು ಕೊಡುವುದಾಗಿ ತೋಡಿದ ಗುಂಡಿ ಕೊನೆಗೂ ನೀರು ಕೊಟ್ಟಿತು. ಒಂದು ಮಧ್ಯಾಹ್ನ ಉಂಡ ತಟ್ಟೆ ತೊಳೆಯಲೆಂದು ಹೋದ ಚಿಕ್ಕತಾಯಿ ಆ ಗುಂಡಿಯಿಂದ ಮೇಲೆ ಬರಲಿಲ್ಲ. ತಟ್ಟೆ ತೇಲುತ್ತಿತ್ತು.

ಹದಿಮೂರು ದಿನ ಕಳೆದ ಮೇಲೆ ಕೆಂಪೀರಮ್ಮ ಶಾಲೆಯ ಮರುಳಯ್ಯ ಮೇಷ್ಟ್ರನ್ನು ಕರೆದುಕೊಂಡು ರಾಜಧಾನಿಗೆ ಹೋದಳು. ಅವಳು ಯಾರ ತಲೆದಂಡವನ್ನೂ ಕೇಳಲು ಹೋದವಳಲ್ಲ. ಶಾಲೆಯಲ್ಲಿ ಇನ್ನೂ ನಲವತ್ತೆರಡು ಮಕ್ಕಳಿದ್ದವು, ಆ ಗುಂಡಿ ಮುಚ್ಚಬೇಕು, ಅಷ್ಟೇ ಅವಳ ಅರಿಕೆ.

ನೀರಿನ ಇಲಾಖೆಯವರು, "ಒಳಗಿರುವುದು ಮಳೆ ನೀರು, ನಮ್ಮ ನೀರಲ್ಲ" ಎಂದರು. ಶಾಲಾ ಇಲಾಖೆಯವರು, "ಗುಂಡಿ ಬಾಗಿಲಿಂದ ಆಚೆಗಿದೆ" ಎಂದರು. ಕಡೆಗೆ ಬಾಲಸಂರಕ್ಷಣಾ ಮಂಡಳಿಗೆ ಹೋದರು. ಅಲ್ಲಿ ಗೋಡೆಯ ತುಂಬ ನಗುವ ಮಕ್ಕಳ ಚಿತ್ರಗಳಿದ್ದವು. ಗುಮಾಸ್ತನು ನಿಯಮಾವಳಿ ತಿರುವಿ ಕೇಳಿದನು:

"ಎಷ್ಟು ಮಕ್ಕಳು ಬಿದ್ದಿದ್ದಾವೆ?"

"ಒಂದು," ಎಂದರು ಮೇಷ್ಟ್ರು.

"ಮೂರಾದರೆ 'ಅಪಾಯಕಾರಿ ಸ್ಥಳ' ಎಂದು ವರ್ಗೀಕರಿಸಬಹುದು. ಒಂದಕ್ಕೆ 'ಗಮನಿಸಲಾಗಿದೆ' ಅಂತ ಮಾತ್ರ ಬರೆಯಲು ಅವಕಾಶ. ಬರೆಯಲೆ?"

ಕೆಂಪೀರಮ್ಮ ಅವನ ಮುಖವನ್ನೇ ನೋಡಿದಳು. "ನಿಮ್ಮನೇಲಿ ಮಕ್ಕಳು ಎಷ್ಟವೆ ಸ್ವಾಮಿ?"

"ಎರಡು."

"ಹಂಗಾರೆ ನಿಮ್ಮನೆ ಲೆಕ್ಕಕ್ಕೇ ಬರಾಕಿಲ್ಲ ಬುಡಿ," ಎಂದು ಎದ್ದು ಬಂದಳು.

ಅಂದು ಜನಸ್ಪಂದನ ದರ್ಬಾರು ನಡೆಯುತ್ತಿತ್ತು. ಸರತಿಯಲ್ಲಿ ನಿಂತು ಸಂಜೆಯ ಹೊತ್ತಿಗೆ ಇಬ್ಬರೂ ಸಿಂಹಾಸನದ ಮುಂದೆ ಬಂದರು. ಮೇಷ್ಟ್ರು ಅರ್ಜಿಯನ್ನು ಓದತೊಡಗಿದರು, ಅರ್ಧಕ್ಕೇ ಹಾಳೆ ಮಡಿಚಿ ಪಕ್ಕಕ್ಕೆ ಸರಿದರು. ಕೆಂಪೀರಮ್ಮ ತಾನೇ ಮಾತಾಡಿದಳು.

"ಬುದ್ಧೀ, ನಾನು ಓದ್ದೋಳಲ್ಲ. ನೆಲ ಅಗಿಯಾಕ್ ಮುಂಚೆ ನಮ್ಮಪ್ಪನೂ ಪೂಜೆ ಮಾಡೋನು. ಯಾಕಪ್ಪಾ ಅಂತ ಕೇಳಿದ್ದಕ್ಕೆ, ಭೂಮ್ತಾಯಿಗೆ ಗಾಯ ಮಾಡ್ತೀವಲ್ಲ ಮಗ, ತೆಪ್ಪಾಯ್ತು ಅಂತ ಕೇಳ್ಕೋಬೇಕು, ಕೆಲ್ಸ ಮುಗಿಸಿ ಗಾಯ ಮುಚ್ಚಬೇಕು ಅಂದಿದ್ದ. ನೀವು ಗಾಯ ಮಾಡಿದ್ರಿ. ಕಾಯಿ ಒಡುದ್ರಿ. ಹೊಂಟೋದ್ರಿ. ಆ ತಾಯಿ ತಾನೆ ಎಷ್ಟು ದಿನ ಬಾಯ್ ತಕ್ಕೊಂಡಿರ್ತಾಳೆ? ನನ್ನ ಕೂಸು ಹೋಯ್ತು. ಅದನ್ನ ಕೊಡಿ ಅಂತ ನಿಮ್ಮನ್ನ ಕೇಳಾಕಿಲ್ಲ, ಅದು ದೇವರಿಗೂ ಆಗ್ಲಿಲ್ಲ. ಗುಂಡಿ ಮುಚ್ಚಿಸಿ."

ಮಹಾರಾಜನ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು. ಅದನ್ನು ಒರೆಸಲು ಇಬ್ಬರು ಓಡಿಬಂದರು, ಚಿತ್ರಿಸಲು ಒಬ್ಬನು.

"ಆ ಗುಂಡಿ ಮುಚ್ಚಲೇಬೇಕು!" ಎಂದನು ಮಹಾರಾಜನು.

ಕೆಂಪೀರಮ್ಮ ಕೈ ಮುಗಿದಳು.

"ತಥಾಸ್ತು!" ಎಂದನು ಮಂತ್ರಿ. "ಇದು ಐತಿಹಾಸಿಕ ನಿರ್ಧಾರ. ಗುಂಡಿ ಮುಚ್ಚುವ ಮಹಾಯೋಜನೆಗೆ ಬರುವ ಶುಕ್ರವಾರವೇ ಅಂಚಿನೂರಿನಲ್ಲಿ ಗುದ್ದಲಿ ಪೂಜೆ ಇಟ್ಟುಕೊಳ್ಳೋಣ."

ಮಹಾರಾಜನು ಹುಬ್ಬು ಗಂಟಿಕ್ಕಿದನು. "ಮುಚ್ಚುವುದಕ್ಕೂ ಅಗೆಯಬೇಕೆ?"

"ಪೂಜೆಯಿಲ್ಲದೆ ಕಾಮಗಾರಿಯಿಲ್ಲ, ಅಗೆಯದೆ ಪೂಜೆಯಿಲ್ಲ. ಒಮ್ಮೆ ಅಗೆದ ಜಾಗದಲ್ಲಿ ಮತ್ತೆ ಗುದ್ದಲಿ ಇಡುವುದು ಶಾಸ್ತ್ರಕ್ಕೆ ಒಗ್ಗದು. ಬಾಗಿಲಿನ ಬಲಗಡೆ ಜಾಗ ಖಾಲಿಯಿದೆ ಪ್ರಭು."

"ನಿಮ್ಮ ದೂರದೃಷ್ಟಿಗೆ ಸಾಟಿಯಿಲ್ಲ," ಎಂದು ಮಹಾರಾಜನು ನಿಟ್ಟುಸಿರು ಬಿಟ್ಟನು.

"ಎಲ್ಲವೂ ತಮ್ಮ ದೃಷ್ಟಿ. ದೂರ ಮಾತ್ರ ನನ್ನದು," ಎಂದು ಮಂತ್ರಿಯು ಬಾಗಿದನು.

ಊರಿಗೆ ಮರಳಿದ ಮೇಲೆ ಕೆಂಪೀರಮ್ಮ ಭಾನುವಾರ ಬೆಳಗ್ಗೆ ಮಂಕರಿಯಲ್ಲಿ ಮಣ್ಣು ತುಂಬಿಕೊಂಡು ಗುಂಡಿಯ ಕಡೆಗೆ ನಡೆದಳು. ಒಂದು ಮಂಕರಿ ಸುರಿದಳು. ಎರಡನೆಯದನ್ನು ತರುವಾಗ ಹಿಂದೆ ಮೇಷ್ಟ್ರಿದ್ದರು. ಮೂರನೆಯದಕ್ಕೆ ಊರೇ ಬಂತು.

"ಅತ್ತೆ, ನೀನು ಕೂತ್ಕೋ, ನಾವಿಲ್ವಾ?" ಎಂದಳು ಒಬ್ಬ ಹೆಂಗಸು.

"ಕೂತ್ಕಂಡೇ ಅಲ್ವಾ ಮೂರ್ ವರ್ಸ ಆಗಿದ್ದು," ಎಂದಳು ಕೆಂಪೀರಮ್ಮ.

ಮಧ್ಯಾಹ್ನದೊಳಗೆ ಗುಂಡಿ ತುಂಬಿತು. ಮೂರು ವರ್ಷದ ಕಾಮಗಾರಿ, ಅರ್ಧ ದಿನ. ಕೆಂಪೀರಮ್ಮ ಮೇಲೆ ಅರಿಸಿನದ ನೀರು ಚಿಮುಕಿಸಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸೋಮವಾರ ಮಕ್ಕಳು ಅದರ ಮೇಲೆಯೇ ಓಡಿ ಒಳಗೆ ಹೋದವು.

ಮಂಗಳವಾರ ರಾಜಧಾನಿಯಿಂದ ನೋಡಲ್ ಅಧಿಕಾರಿ ಬಂದಿಳಿದನು. ಸಮತಟ್ಟಾದ ನೆಲ ನೋಡಿ ಅವನಿಗೆ ದಿಕ್ಕೇ ತೋಚಲಿಲ್ಲ.

"ಇಲ್ಲೊಂದು ಗುಂಡಿ ಇತ್ತಲ್ಲ?"

"ಮುಚ್ಚಿದ್ವಿ ಸಾರ್," ಎಂದರು ಮೇಷ್ಟ್ರು, ಸ್ವಲ್ಪ ಹೆಮ್ಮೆಯಿಂದಲೇ.

"ಯಾರನ್ನ ಕೇಳಿ ಮುಚ್ಚಿದ್ರಿ? ರೀ, ಅದು ನಕ್ಷೆಯಲ್ಲಿರೋ ಗುಂಡಿ! ಶುಕ್ರವಾರ ಮಹಾರಾಜರು ಬಂದು ಯಾವುದನ್ನ ಮುಚ್ತೀವಿ ಅಂತ ಘೋಷಣೆ ಮಾಡಬೇಕು? ಗುಂಡಿಯೇ ಇಲ್ಲ ಅಂದ್ರೆ ಯೋಜನೆ ಯಾತಕ್ಕೆ? ಪ್ರಗತಿಯಲ್ಲಿರುವ ಕಾಮಗಾರಿಗೆ ಅಡ್ಡಿಪಡಿಸಿದ್ದೀರಿ. ರಾಜದ್ರೋಹ ಆಗುತ್ತೆ ಇದು."

"ಅಲ್ಲ ಸಾರ್, ಮುಚ್ಚಬೇಕು ಅಂತಾನೇ ತಾನೆ ಅಪ್ಪಣೆಯಾಗಿರೋದು?"

"ಮುಚ್ಚಬೇಕು ಅಂತ. ಮುಚ್ಚಿ ಅಂತ ಅಲ್ಲ!"

ಭಟರು ಸುತ್ತ ನಿಂತರು. ಮುಚ್ಚಿದವರೇ ಮತ್ತೆ ಅಗೆಯಬೇಕೆಂದು ದಂಡನೆಯಾಯಿತು. ಅದೇ ಮಂಕರಿ, ಅದೇ ಕೈಗಳು. ಕೆಂಪೀರಮ್ಮನನ್ನು ವಯಸ್ಸಿನ ಕಾರಣ ಬಿಟ್ಟರು, ಆದರೆ ಅವಳು ಅಲ್ಲಿಂದ ಕದಲಲಿಲ್ಲ. ಅರಿಸಿನದ ಮಣ್ಣು ಮೊದಲು ಹೊರಗೆ ಬಂತು. ಆತುರದಲ್ಲಿ ಎಂಟಡಿ ಹತ್ತಡಿಯಾಯಿತು. ಸಾಮರ್ಥ್ಯ ಹೆಚ್ಚಿದೆ ಎಂದು ಅಧಿಕಾರಿ ಬರೆದುಕೊಂಡನು. ಬುಧವಾರ ಮಳೆ ಬಂದು ಅದರಲ್ಲಿ ನೀರು ನಿಂತಿತು.

ಗುರುವಾರ ಪ್ರಜಾಭಿಪ್ರಾಯ ಸಂಗ್ರಹ. ಪ್ರಜೆಗಳು ಏನು ಹೇಳುತ್ತಾರೆಂದು ತಿಳಿಯದೆ ಹೆಜ್ಜೆಯಿಡಬಾರದೆಂಬುದು ಶುಭಾವತಿಯ ಸತ್ಸಂಪ್ರದಾಯ. ಸಮೀಕ್ಷೆಯವನೊಬ್ಬನು ಮನೆಮನೆಗೆ ತಂದ ಅಚ್ಚು ಹಾಕಿದ ಹಾಳೆಯಲ್ಲಿ 'ಸರ್ಕಾರದ ಸೇವೆ ಹೇಗಿದೆ?' ಎಂಬ ಒಂದೇ ಪ್ರಶ್ನೆ, ಕೆಳಗೆ ಮೂರು ಉತ್ತರ: ಚೆನ್ನಾಗಿದೆ, ಬಹಳ ಚೆನ್ನಾಗಿದೆ, ವರ್ಣಿಸಲು ಮಾತಿಲ್ಲ.

ಮೇಷ್ಟ್ರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಚೆನ್ನಾಗಿಲ್ಲ ಅನ್ನೋದು ಎಲ್ಲಿದೆ?"

"ಅದಕ್ಕೆ ಬೇರೆ ಹಾಳೆ. ಅಚ್ಚಾಗುವುದು ಪ್ರಗತಿಯಲ್ಲಿದೆ."

ಕೆಂಪೀರಮ್ಮನ ಸರದಿ ಬಂದಾಗ ಅವಳು ಏನೂ ಹೇಳಲಿಲ್ಲ. ಅವಳ ಮನೆಯ ಬಾಗಿಲಲ್ಲಿ ಪುಟ್ಟ ಚಪ್ಪಲಿಗಳ ಜೋಡಿಯೊಂದಿತ್ತು, ಅದನ್ನೇ ನೋಡುತ್ತ ಕೂತಿದ್ದಳು. ಬಂದವನು ಸ್ವಲ್ಪ ಹೊತ್ತು ಕಾದು, ಮೂರನೆಯ ಉತ್ತರಕ್ಕೆ ಗುರುತು ಹಾಕಿಕೊಂಡು ಹೋದನು.

ಶುಕ್ರವಾರ. ಯಂತ್ರಕ್ಕೆ ಅಂದೇ ಬೇರೆ ಊರಿನಲ್ಲೂ ಪೂಜೆಯಿದ್ದುದರಿಂದ, ಮಹಾರಾಜರು ಬರುವ ಮುನ್ನವೇ ಅದು ಬಂದು ಬಾಗಿಲಿನ ಬಲಗಡೆ ಹೊಸ ಗುಂಡಿಯನ್ನು ತೋಡಿಟ್ಟಿತ್ತು. ಶಾಲೆಯ ಬಾಗಿಲಿಗೆ ಈಗ ಎಡಕ್ಕೊಂದು, ಬಲಕ್ಕೊಂದು. ನಡುವೆ ಎರಡು ಮಾರಿನಷ್ಟು ದಾರಿ. ಆ ದಾರಿಯ ಎರಡೂ ಅಂಚಿನಲ್ಲಿ, ಬೆನ್ನು ಗುಂಡಿಗೆ ಹಾಕಿ, ಕೈಯಲ್ಲಿ ಹೂವಿನ ಪಕಳೆ ಹಿಡಿದು ಮಕ್ಕಳು ಸಾಲಾಗಿ ನಿಂತಿರಬೇಕು, ಮಹಾರಾಜರು ನಡುವೆ ನಡೆದು ಬರಬೇಕು ಎಂದು ಶಿಷ್ಟಾಚಾರ ವಿಭಾಗದ ಅಪ್ಪಣೆ.

"ಮಳೆ ಬಂದು ಅಂಚು ಕುಸೀತಾ ಇದೆ ಸಾರ್. ಮಕ್ಕಳನ್ನ ಇಲ್ಲಿ ನಿಲ್ಲಿಸೋದು ಬೇಡ," ಎಂದು ಮೇಷ್ಟ್ರು ಅಂಗಲಾಚಿದರು.

"ಮಕ್ಕಳಿಲ್ಲದೆ ಬಾಲಸಂರಕ್ಷಣಾ ಕಾರ್ಯಕ್ರಮ ಹೇಗ್ರೀ ಆಗುತ್ತೆ?" ಎಂದನು ಅಧಿಕಾರಿ.

ವಾಲಗ ಮೊಳಗಿತು. ರಥ ನಿಂತಿತು. ಮಕ್ಕಳು ನೋಡುವ ಆಸೆಗೆ ಒಂದನ್ನೊಂದು ತಳ್ಳಿಕೊಂಡು ಅಲುಗಾಡಿದವು. ಕೊನೆಯಲ್ಲಿದ್ದ ಹುಡುಗಿಯೊಬ್ಬಳ ಹಿಮ್ಮಡಿಯ ಕೆಳಗಿನ ಮಣ್ಣು ಸರಿದು ನೀರಿಗೆ ಬಿದ್ದ ಸದ್ದು ಕೆಂಪೀರಮ್ಮನಿಗೆ ಕೇಳಿತು. ಅವಳು ಯಾವ ಭಟನನ್ನೂ ಕೇಳದೆ ನುಗ್ಗಿದಳು. ಹುಡುಗಿಯ ರಟ್ಟೆ ಹಿಡಿದು ಮುಂದಕ್ಕೆ ಎಳೆದು, ಮಕ್ಕಳ ಬೆನ್ನಿಗೂ ಗುಂಡಿಗೂ ನಡುವೆ ಉಳಿದಿದ್ದ ಒಂದು ಗೇಣು ನೆಲದ ಮೇಲೆ ತಾನು ನಿಂತು, ಎರಡೂ ಕೈಗಳನ್ನು ಅಗಲವಾಗಿ ಚಾಚಿದಳು. ಬಲಗಡೆಯ ಅಂಚಿನಲ್ಲಿ ಮೇಷ್ಟ್ರು ಹಾಗೆಯೇ ನಿಂತರು. ನೋಡನೋಡುತ್ತ ಊರಿನವರೆಲ್ಲ ಬಂದು, ಎರಡು ಗುಂಡಿಗಳ ಉದ್ದಕ್ಕೂ, ಕೈಗೆ ಕೈ ತಾಗುವಂತೆ ಚಾಚಿ ನಿಂತರು.

ಮಹಾರಾಜನು ನಡೆಯುತ್ತಿದ್ದವನು ನಿಂತೇ ಬಿಟ್ಟನು. "ಮಂತ್ರಿಗಳೇ, ಇದೇನು? ಇವರೆಲ್ಲ ಹೀಗೇಕೆ ಕೈ ಚಾಚಿದ್ದಾರೆ?"

"ತಮ್ಮನ್ನು ಅಪ್ಪಿಕೊಳ್ಳಲು ಪ್ರಭು!" ಎಂದನು ತಥಾಸ್ತುರಾಯ. "ಇಷ್ಟು ಪ್ರೀತಿಯನ್ನು ನಾನು ಯಾವ ರಾಜ್ಯದಲ್ಲೂ ಕಂಡಿಲ್ಲ. ಆ ಮುದುಕಿಯನ್ನೇ ನೋಡಿ, ಮೊನ್ನೆ ದರ್ಬಾರಿನಲ್ಲಿ ಎಷ್ಟು ಖಾರವಾಗಿ ಮಾತಾಡಿದಳು, ಇಂದು ಎರಡೂ ಕೈಯೆತ್ತಿ ಹರಸುತ್ತಿದ್ದಾಳೆ."

ಮಹಾರಾಜನ ಕಣ್ಣು ಮತ್ತೆ ತೇವವಾಯಿತು. ಆ ಒದ್ದೆಗಣ್ಣಿನಲ್ಲೇ ಆತ ನೆಲಕ್ಕೆ ಮೂರು ಸಲ ಗುದ್ದಲಿ ಮುಟ್ಟಿಸಿದನು. ಪಂಡಿತಮಂಡಳಿಯವರು ಮುಂದೆ ಬಂದು ಆತನಿಗೆ 'ಪ್ರಜಾವತ್ಸಲ ಚಕ್ರವರ್ತಿ' ಎಂಬ ಬಿರುದನ್ನು ಓದಿ, ನೆತ್ತಿಯಲ್ಲಿ ಚಿನ್ನದ ಪುಟ್ಟ ಗುದ್ದಲಿಯಿದ್ದ ಕಿರೀಟವನ್ನು ತೊಡಿಸಿದರು. ಮಕ್ಕಳು ಪಕಳೆ ಎರಚಿದವು. ಯಾವ ಮಗುವೂ ಬೀಳಲಿಲ್ಲ. ಯೋಜನೆ ಆರಂಭವಾದ ದಿನವೇ ನೂರಕ್ಕೆ ನೂರು ಯಶಸ್ವಿ ಎಂದು ವರದಿ ಹೋಯಿತು.

ಮುಂದಿನ ವಾರ ರಾಜಾಜ್ಞೆ ಹೊರಟಿತು: ಅಂಚಿನೂರಿನ ಮಾದರಿಯಲ್ಲಿ ರಾಜ್ಯದ ಪ್ರತಿಯೊಂದು ಗುಂಡಿಯ ಬಳಿಯೂ ಪ್ರಜೆಗಳು ಸರದಿಯಂತೆ ಕೈ ಚಾಚಿ ನಿಲ್ಲತಕ್ಕದ್ದು. ಇದಕ್ಕೆ ಜನಸಹಭಾಗಿತ್ವ ಎಂದು ಹೆಸರು. ತಪ್ಪಿದವರ ಮನೆಯ ಮಗು ಬಿದ್ದರೆ ಹೊಣೆ ಅವರದೇ.

ಅಂದಿನ ದೃಶ್ಯವನ್ನು ಆಸ್ಥಾನದ ಚಿತ್ರಗಾರನು ಬಹಳ ಚೆನ್ನಾಗಿ ಬರೆದನು. ಮಹಾರಾಜರಿದ್ದಾರೆ, ಕಿರೀಟವಿದೆ, ಹೂವಿದೆ, ಚಾಚಿದ ಕೈಗಳಿವೆ. ಗುಂಡಿಗಳಿಗೆ ಮಾತ್ರ ಚಿತ್ರದಲ್ಲಿ ಜಾಗ ಸಾಲಲಿಲ್ಲ. ಆ ಚಿತ್ರದ ದೊಡ್ಡ ಫ್ಲೆಕ್ಸನ್ನು ಶಾಲೆಯ ಎಡಗಡೆಯ ಗುಂಡಿಗೆ ಅಡ್ಡವಾಗಿ ಕಟ್ಟಿದ್ದಾರೆ. ರಸ್ತೆಯಲ್ಲಿ ಹೋಗುವವರಿಗೆ ಈಗ ಗುಂಡಿ ಕಾಣುವುದಿಲ್ಲ.

ಫ್ಲೆಕ್ಸಿನಲ್ಲಿ ಬಣ್ಣದ ಕೆಂಪೀರಮ್ಮ ನಗುತ್ತ ಕೈ ಚಾಚಿದ್ದಾಳೆ. ಅದರ ಹಿಂದೆ, ಬೆಳಗ್ಗೆ ಗಂಟೆ ಹೊಡೆಯುವ ಮುಂಚೆ, ಮಧ್ಯಾಹ್ನ ಮಕ್ಕಳು ತಟ್ಟೆ ಹಿಡಿದು ಹೊರಗೆ ಬರುವಾಗ, ಸಂಜೆ ಶಾಲೆ ಬಿಡುವಾಗ, ಇನ್ನೊಬ್ಬ ಕೆಂಪೀರಮ್ಮ ಕೈ ಚಾಚಿ ನಿಂತಿರುತ್ತಾಳೆ. ಮಹಾರಾಜರ ಫ್ಲೆಕ್ಸಿನ ನೆರಳು ಅವಳ ಮೇಲೆ ಬೀಳುತ್ತದೆ. ಕೊನೆಯ ಮಗು ದಾಟುವವರೆಗೆ ಅವಳು ಕೈ ಇಳಿಸುವುದಿಲ್ಲ.