ಮಾವನ ಗುಡ್ಡವೂ ನನ್ನ ಮೆಶ್ಶೂ

ಮೇಗರವಳ್ಳಿಯ ಒಂದು ಇಡೀ ಗುಡ್ಡವನ್ನು ತಂದು ನಿಮ್ಮ ಅಪ್ಪನ ಮನೆಯ ಜಗಲಿಯಲ್ಲಿ ಇಡುತ್ತೇನೆ ಎಂದು ನಾನು ಘೋಷಿಸಿದಾಗ ಹೆಂಡತಿ ದೀಪಶ್ರೀ ತಲೆ ಎತ್ತಿಯೂ ನೋಡಲಿಲ್ಲ. ಆ ಉಪೇಕ್ಷೆಯೇ ನನ್ನನ್ನು ಕೆರಳಿಸಿದ್ದು. ಸಾಗರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವನು ಜೀವಮಾನವಿಡೀ ಹುಟ್ಟುಹಬ್ಬದ ಬ್ಯಾನರುಗಳನ್ನೇ ಮುದ್ರಿಸಿಕೊಂಡಿರಬೇಕೆಂದು ಯಾವ ಕಾನೂನು ಹೇಳುತ್ತದೆ?

ಸಂಗತಿ ಇಷ್ಟು. ಮಾವ ವಾಸಪ್ಪನವರ ಮನೆಗೆ ಆ ಗುಡ್ಡದ ನೆತ್ತಿಯ ಒರತೆಯಿಂದ ಪೈಪಿನಲ್ಲಿ ನೀರು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ, ಇಳಿಜಾರು ಇದ್ದರೆ ಸಾಕು. ಹಳೆಯ ಪೈಪು ಒಡೆದುಹೋಗಿ, ಹೊಸದನ್ನು ಬೇರೆ ದಾರಿಯಲ್ಲಿ ಎಳೆಯುವ ಮಾತು ನಡೆದಿತ್ತು. ನಡುವೆ ಎಲ್ಲೂ ದಿಬ್ಬ ಸಿಗದ ದಾರಿ ಬೇಕಿತ್ತು. ನನ್ನ ಬಳಿಯಾದರೋ ಆ ಗುಡ್ಡ ಆಗಲೇ ತಯಾರಿತ್ತು! ಉಪಗ್ರಹ ಅಳೆದ ಎತ್ತರಗಳ ಲೆಕ್ಕವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ಆಟಗಳನ್ನು ತಯಾರಿಸುವ ಗೇಮ್ ಎಂಜಿನ್ನಿನಲ್ಲಿ ಅದನ್ನು ಕಟ್ಟಿ, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮೌಸ್ ಹಿಡಿದು ಅದರ ಮೇಲೆ ಜಿಗಣೆಯ ಕಾಟವಿಲ್ಲದೆ ಓಡಾಡುತ್ತಿದ್ದೆ. ಅದನ್ನು ಹೊರಗೆ ತಂದು, ಗೆಳೆಯ ಹೇರಂಬನ ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿದರೆ ಮುಗಿಯಿತು.

ಹೊರಗೆ ತರುವುದೇ ಕಷ್ಟ ಎಂದು ಆಮೇಲೆ ತಿಳಿಯಿತು. ಗೇಮ್ ಎಂಜಿನ್ನಿನ ಗುಡ್ಡವೆಂದರೆ ಬರೀ ಎತ್ತರಗಳ ಪಟ್ಟಿಯಂತೆ. ಪ್ರಿಂಟರಿಗೆ ಅದು ಅರ್ಥವಾಗುವುದಿಲ್ಲ. ಪುಟ್ಟ ಪುಟ್ಟ ತ್ರಿಕೋನಗಳನ್ನು ಒಂದಕ್ಕೊಂದು ಹೊಲಿದು ಬಲೆಯ ಹಾಗೆ ಗುಡ್ಡಕ್ಕೆ ಹೊದಿಸಬೇಕು. ಅದಕ್ಕೆ ಮೆಶ್ ಎಂದು ಹೆಸರು. ನಾನು ಉದಾರಿ, ಎಂಬತ್ತು ಲಕ್ಷ ತ್ರಿಕೋನ ಬರಲಿ ಎಂದೆ. ಕಂಪ್ಯೂಟರ್ ಒಂದು ನಿಟ್ಟುಸಿರು ಬಿಟ್ಟು ಕಪ್ಪಾಯಿತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ದೀಪಶ್ರೀ ಅದರಲ್ಲೇ ಪ್ರಶ್ನೆಪತ್ರಿಕೆ ಟೈಪ್ ಮಾಡಿ, ಸೇವ್ ಮಾಡದೆ ಒಗ್ಗರಣೆಗೆ ಎದ್ದು ಹೋಗಿದ್ದಳು.

“ನಿಮ್ಮ ಗುಡ್ಡ ನನ್ನ ಪ್ರಶ್ನೆಪತ್ರಿಕೆ ಮೇಲೆ ಕುಸಿದಿದೆ” ಎಂದಳು. ಸೇವ್ ಮಾಡದಿದ್ದದ್ದು ಅವಳು, ಅಪರಾಧಿ ನಾನು. ಇದು ಯಾವ ನ್ಯಾಯ?

ತ್ರಿಕೋನಗಳನ್ನು ಕಡಿಮೆ ಮಾಡಿದೆ. ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಕಲ್ಯಾಣಿಯಂತೆ ಬಂತು. ಹೆಚ್ಚಿಸಿದೆ. ಹೇರಂಬನ ಕಂಪ್ಯೂಟರಿನಲ್ಲಿ ಅದು ಸಾಸಿವೆಯಷ್ಟೇ ಕಂಡಿತು. ಇಲ್ಲಿನ ಕಿಲೋಮೀಟರನ್ನು ಅಲ್ಲಿ ಮಿಲಿಮೀಟರು ಎಂದು ಓದಿಕೊಂಡಿತ್ತು. ಹಿಗ್ಗಿಸಿದರೆ ಗುಡ್ಡ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು, ಅಲ್ಲಿಯ ನೀರೆಲ್ಲ ಪಕ್ಕಕ್ಕೆ ಸುರಿಯಬೇಕು. ಮಲಗಿಸಿದೆವು. ಅಕ್ಷವೋ ಕೈಯೋ ಏನೋ ಕೇಳುವ ಒಂದು ಪೆಟ್ಟಿಗೆ ಪರದೆಯ ಮೇಲೆ ಬಂದಾಗ, ಸಾಕಾಗಿ ಓಕೆ ಒತ್ತಿದೆ. ಒಮ್ಮೆ ಅಪ್ಪನ ಮನೆಯ ಜಾಗಕ್ಕೆ ಗುರುತು ಹಾಕಿ ತಾಳೆ ನೋಡಿ ಎಂದು ದೀಪಶ್ರೀ ಹೇಳಿದ್ದು ನಿಜ. ಉಪಗ್ರಹವನ್ನು ತಾಳೆ ನೋಡಲು ನಾವು ಯಾರು ಎಂದು ನಾನು ಕೇಳಿದ್ದೂ ನಿಜ.

ಹಾಲುಬಿಳುಪಿನ ಗುಡ್ಡವನ್ನು ತೊಡೆಯ ಮೇಲಿಟ್ಟುಕೊಂಡು ತೀರ್ಥಹಳ್ಳಿ ಬಸ್ಸು ಹತ್ತಿದೆ. ಪಕ್ಕದವರು ಅದನ್ನು ಕೇಕ್ ಎಂದು ತಿಳಿದು ಯಾರ ಮದುವೆ ಎಂದು ವಿಚಾರಿಸಿದರು.

ಮಾವ ಅದನ್ನು ಜಗಲಿಯಲ್ಲಿಟ್ಟು ಸುತ್ತ ಎರಡು ಸಲ ಬಂದರು. ಬಲಗಡೆಯ ನುಣುಪು ಇಳಿಜಾರನ್ನು ಬೆರಳಲ್ಲಿ ತೋರಿಸಿ, ಪೈಪು ಇಲ್ಲೇ ಬರಲಿ ಎಂದೆ.

“ಬಲಗಡೆ ದೊಡ್ಡ ದಿಬ್ಬ ಅದೆಯಲ್ಲ, ಅಳಿಯಂದ್ರೆ. ಸಣ್ಣವನಿದ್ದಾಗಿಂದ ಹತ್ತಿದೀನಿ.”

“ಸಣ್ಣವರಿದ್ದಾಗ ಎಲ್ಲ ದೊಡ್ಡದಾಗೇ ಕಾಣ್ತದೆ, ಮಾವ. ಇದು ಮೇಲಿಂದ ನೋಡಿದ ಲೆಕ್ಕ.”

ಅವರು ಇನ್ನೊಮ್ಮೆ ಗುಡ್ಡವನ್ನೂ ನನ್ನನ್ನೂ ನೋಡಿ, ಓದಿದವರು ಹೇಳಿದ ಮೇಲೆ ಆಯಿತು ಎಂದುಬಿಟ್ಟರು. ಮರುದಿನ ಬಲಗಡೆಯಿಂದಲೇ ಪೈಪು ಎಳೆದೆವು. ಕಾಡಿನಲ್ಲಿ ಏದುಸಿರು ಬಿಡುತ್ತ ನಾನೇ ಒಂದು ದಿಬ್ಬ ಹತ್ತಿಳಿದೆ. ಅದು ದಿಬ್ಬವೆಂದು ಒಪ್ಪಲು ನನ್ನ ಆತ್ಮಗೌರವ ಬಿಡಲಿಲ್ಲ. ಸಂಜೆ ನಲ್ಲಿ ತಿರುಗಿಸಿದರೆ ಗಾಳಿ ಬಂತು, ಒಂದು ಎಲೆ ಬಂತು, ನೀರು ಬರಲಿಲ್ಲ. ಹಳೆಯ ಪೈಪನ್ನು ನಾವೇ ಕಿತ್ತು ಹಾಕಿದ್ದರಿಂದ ಅತ್ತೆ ವೆಂಕಮ್ಮ ಎರಡು ದಿನ ಬಾವಿಯಿಂದ ನೀರು ಹೊತ್ತರು. ನನ್ನ ಸ್ನಾನಕ್ಕೂ ಅವರೇ ಹೊತ್ತರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೂರನೆಯ ಬೆಳಿಗ್ಗೆ ಕೊಡ ಹೊತ್ತು ಜಗಲಿ ದಾಟುತ್ತಿದ್ದ ಅತ್ತೆ ಗಕ್ಕನೆ ನಿಂತರು. ಎದುರು ಗೋಡೆಯ ಕನ್ನಡಿಯಲ್ಲಿ ನನ್ನ ಗುಡ್ಡ ಕಾಣುತ್ತಿತ್ತು.

“ಇಲ್ಲಿ ನೋಡಿ, ಕನ್ನಡಿ ಒಳಗೆ ನಮ್ಮ ಗುಡ್ಡ ಸರಿಯಾಗೇ ಅದೆ” ಎಂದರು.

ನಾನು ಹೇರಂಬನಿಗೆ ಫೋನು ಹಚ್ಚಿ ಕೂಗಾಡಿದೆ. ಗೇಮ್ ಎಂಜಿನ್ನು ಎಡಗೈ ಲೆಕ್ಕದ್ದು, ತನ್ನ ಸಾಫ್ಟ್‌ವೇರು ಬಲಗೈಯದು, ಕೈ ಬದಲಾದರೆ ಎಡ ಬಲವಾಗುತ್ತದೆ, ಅದನ್ನೇ ಆ ಪೆಟ್ಟಿಗೆ ಕೇಳಿದ್ದು ಎಂದು ಅವನು ತಣ್ಣಗೆ ವಿವರಿಸಿದ. ಕೇಳುವ ರೀತಿ ಅದೇನು? ‘ನಿನ್ನ ಮಾವನ ಮುಂದೆ ಮಾನ ಉಳಿಯಬೇಕೋ ಬೇಡವೋ’ ಎಂದು ನೇರವಾಗಿ ಕೇಳಿದ್ದರೆ ನಾನು ಓದದೆ ಓಕೆ ಒತ್ತುತ್ತಿದ್ದೆನೇ?

ಅಂದೇ ಪೈಪನ್ನು ಎಡಗಡೆಗೆ ಹೊರಳಿಸಿದರು. ಸಂಜೆಯೊಳಗೆ ನೀರು ಧೋ ಎಂದು ಬಂತು. ಯಾರೂ ನನಗೆ ಒಂದು ಮಾತೂ ಅನ್ನಲಿಲ್ಲ. ದೀಪಶ್ರೀಗೆ ವರದಿ ತಲುಪಿತ್ತು, ಅವಳೂ ಅನ್ನಲಿಲ್ಲ. ಈ ಮೌನಕ್ಕೆ ನಾನು ಎಷ್ಟು ಸಿಟ್ಟಾದೆನೆಂದರೆ, ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಮೊನ್ನೆ ಹೋಗಲೇಬೇಕಾಯಿತು. ಗುಡ್ಡವನ್ನು ಅಟ್ಟಕ್ಕೆ ಹಾಕಿರುತ್ತಾರೆಂದು ಭಾವಿಸಿದ್ದೆ. ಇಲ್ಲ, ಅದು ಜಗಲಿಯಲ್ಲೇ, ಗಾಜಿನ ಪೆಟ್ಟಿಗೆಯೊಳಗೆ ಮೆರೆಯುತ್ತಿತ್ತು. ಬಂದಿದ್ದ ನೆಂಟರೊಬ್ಬರು ಬಗ್ಗಿ ನೋಡಲು ಹೊರಟಾಗ ಮಾವ ಅವರ ಭುಜ ಹಿಡಿದು, ಮೆಲ್ಲಗೆ ಕನ್ನಡಿಯ ಕಡೆಗೆ ತಿರುಗಿಸಿ ನಿಲ್ಲಿಸಿದರು.

“ನಮ್ಮ ಅಳಿಯಂದ್ರು ಮಾಡಿದ್ದು” ಎಂದರು ಹೆಮ್ಮೆಯಿಂದ. “ಬೆನ್ನು ಹಾಕಿ ನೋಡ್ಬೇಕು.”