ಕೊಡಲಿಗೆ ಕಾಡಿಗೆ

ಮುಂಬಯಿ ಪಕ್ಕದ ಡೊಂಬಿವಲಿಯ ಫ್ಲ್ಯಾಟುಗಳಲ್ಲಿ ಜನ ಬೆಕ್ಕು ಸಾಕುತ್ತಾರೆ, ಗಿಳಿ ಸಾಕುತ್ತಾರೆ. ನನ್ನ ಸೋದರತ್ತೆ ಕೊಡಲಿ ಸಾಕಿದ್ದಾರೆ! ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಅದಕ್ಕೆ ಆಗಾಗ ಎಣ್ಣೆಸ್ನಾನವಾಗುತ್ತದೆ, ಮಲಗಲು ಟ್ರಂಕಿನ ಹಿಂದೆ ಗೋಣಿಯ ಹಾಸಿಗೆಯಿದೆ. ಅಕ್ಕಪಕ್ಕದಲ್ಲಿ ಅದರ ಬಳಗ: ಕತ್ತಿ, ಗುದ್ದಲಿ, ಗಿಡ ಕತ್ತರಿ. ಕಟ್ಟಡದ ಹಿಂದೆ ಹೌಸಿಂಗ್ ಸೊಸೈಟಿಯದೊಂದು ತುಂಡು ತೋಟವಿದೆ. ಅದರ ಯಜಮಾನಿಕೆಯನ್ನು ಅತ್ತೆಗೆ ಯಾರೂ ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು.

ಈ ಸಲದ ಮಳೆಗೆ ತೋಟದ ಮರದ ದೊಡ್ಡ ಕೊಂಬೆಯೊಂದು ಮುರಿದು ದಾರಿಗೆ ಅಡ್ಡ ಬಿತ್ತು. ಅತ್ತೆ ಸೆರಗು ಸಿಕ್ಕಿಸಿ ಕೊಡಲಿ ಬೀಸಿದರು. ಕೊಡಲಿ ರಬ್ಬರ್ ಚೆಂಡಿನ ಹಾಗೆ ಪುಟಿದು ವಾಪಸು ಬಂತು. ಸೈಕಲ್ಲಿನ ಮೇಲೆ ಸಾಣೆ ಚಕ್ರ ಇಟ್ಟುಕೊಂಡು ಬರುತ್ತಿದ್ದವನು ಆ ಗಲ್ಲಿಗೆ ಬರುವುದನ್ನು ನಿಲ್ಲಿಸಿ ಕಾಲವಾಗಿತ್ತು. ಸಂಜೆ ಪಕ್ಕದ ಊರು ಕಲ್ಯಾಣದಲ್ಲಿರುವ ನನಗೆ ಫೋನು ಬಂತು.

"ನಾಳೆ ಹೇಗೂ ನಿನಗೆ ರಜೆ ಅಲ್ವಾ? ಠಾಣೆಯ ನೌಪಾಡಾದಲ್ಲಿ ದೊಡ್ಡ ಹಾರ್ಡ್‌ವೇರ್ ಅಂಗಡಿ ಉಂಟಂತೆ. ಹರಿತ ಮಾಡುವ ಸಾಮಾನು ಇನ್ನು ನಮ್ಮದೇ ಬೇಕು. ಹೋಗುವ."

ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ನೋಡಿದರೆ ಅತ್ತೆಯ ಮಡಿಲಲ್ಲಿ ಟವೆಲ್ ಸುತ್ತಿದ ಏನೋ ಒಂದು.

"ಇದೆಂತ ಅತ್ತೆ?"

"ಕೊಡಲಿ."

"ಅದನ್ನು ಯಾಕೆ ತಂದದ್ದು?"

"ಚಪ್ಪಲಿ ತೆಗೆದುಕೊಳ್ಳಲು ಹೋಗುವಾಗ ನೀನು ಕಾಲನ್ನು ಮನೆಯಲ್ಲಿ ಬಿಟ್ಟು ಹೋಗ್ತೀಯಾ?"

ಲೋಕಲ್ ರೈಲಿನ ಲೇಡೀಸ್ ಡಬ್ಬಿಗೆ ನುಗ್ಗಿದೆವು. ಟವೆಲನ್ನು ಎದೆಗೊತ್ತಿಕೊಂಡು ನಿಂತ ಅತ್ತೆಯನ್ನು ನೋಡಿ, ಎಳೆಗೂಸು ಇರಬೇಕೆಂದು ಒಬ್ಬ ಹೆಂಗಸು ಎದ್ದು ಜಾಗ ಕೊಟ್ಟಳು. ಪಕ್ಕದಲ್ಲಿ ಕೂತಿದ್ದ ಹುಡುಗಿ ಮಗುವಿನ ಮುಖ ನೋಡುವ ಆಸೆಯಿಂದ ಟವೆಲಿನ ಅಂಚನ್ನು ಮೆಲ್ಲನೆ ಸರಿಸಿದಳು. ಮರುಕ್ಷಣ ನನಗೂ ಸೀಟು ಸಿಕ್ಕಿತು!

ಅಂಗಡಿಯವನು ಭಾರಿ ಉತ್ಸಾಹಿ. ಎರಡು ಕಡೆ ಕಲ್ಲಿನ ಚಕ್ರವಿರುವ ಕರೆಂಟಿನ ಯಂತ್ರವನ್ನು ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದ. ಹಳೆಯದೊಂದು ಕತ್ತಿ ತಾಗಿಸಿದ್ದೇ ತಡ, ಸುರುಸುರು ಬತ್ತಿಯಂತೆ ಕಿಡಿ ಹಾರಿತು. ನನಗಂತೂ ಇದನ್ನು ಕೊಳ್ಳದೆ ಹೋದರೆ ಬದುಕಿ ಏನು ಪ್ರಯೋಜನ ಅನ್ನಿಸಿತು!

"ಆಂಟಿ, ಏಕ್ ಮಿನಿಟ್ ಮೇ ಧಾರ್," ಎಂದ ಅವನು. ಒಂದೇ ನಿಮಿಷದಲ್ಲಿ ಹರಿತ.

ಅತ್ತೆ ಕತ್ತಿಯನ್ನು ಬೆಳಕಿಗೆ ಹಿಡಿದರು. ಅಲಗಿನ ತುದಿಯಲ್ಲಿ ನೀಲಿ ಛಾಯೆ ಬಂದಿತ್ತು. "ಔರ್ ದೂಸ್ರೇ ಮಿನಿಟ್ ಮೇ ಕತ್ತಿ ಖತಂ," ಎಂದರು. ನನ್ನ ಕಡೆ ತಿರುಗಿ, "ಬಿಸಿ ಹೆಚ್ಚಾದರೆ ಕಬ್ಬಿಣದ ಹದ ಹೋಗ್ತದೆ ಮಗಾ. ನೀಲಿ ಬಂದಲ್ಲಿ ಮತ್ತೆ ಹರಿತ ನಿಲ್ಲುವುದಿಲ್ಲ. ಪಳಗಿದ ಕೈಗಾದರೆ ಸರಿ. ನನಗೆ ಬೇಡ."

ಕೊನೆಗೆ ಆರಿಸಿದ್ದು ಕೊಡಲಿ ಗುದ್ದಲಿಗಳ ಬಾಯಿ ಉಜ್ಜಲು ಕಬ್ಬಿಣದ ಒಂದು ಚಪ್ಪಟೆ ಅರ, ಒಂದು ಮೈ ಒರಟು ಇನ್ನೊಂದು ಮೈ ನಯವಿರುವ ಸಾಣೆಕಲ್ಲು. ಇಷ್ಟಕ್ಕೆ ಮುಗಿಯಿತೆಂದು ನಾನು ವಡೆ ತಿನ್ನುವ ಕನಸು ಕಾಣುತ್ತಿದ್ದರೆ, ಅತ್ತೆ ಗಿಡ ಕತ್ತರಿಗೆಂದು ಬೆರಳುದ್ದದ ಪುಟ್ಟ ಕಲ್ಲುಗಳನ್ನು ಒಂದೊಂದಾಗಿ ಉಗುರಿಗೆ ಉಜ್ಜಿ ನೋಡತೊಡಗಿದರು. ಮದುವೆಗೆ ಗಂಡು ನೋಡುವವರೂ ಅಷ್ಟು ಹೊತ್ತು ನೋಡುವುದಿಲ್ಲ.

ಮನೆಗೆ ಬಂದವರೇ ಕೊಡಲಿಯನ್ನು ಬಾಲ್ಕನಿಯ ಮೇಜಿಗೆ ಬಿಗಿದರು. ಆಮೇಲೆ ಒಳಗೆ ಹೋಗಿ ಮಗಳ ಕಾಡಿಗೆ ಡಬ್ಬಿ ತಂದು, ಕೊಡಲಿಯ ಬಾಯಿಗೆ ಉದ್ದಕ್ಕೂ ಕಾಡಿಗೆ ಬಳಿದರು!

"ದೃಷ್ಟಿಯಾಗಬಾರದೆಂದಾ ಅತ್ತೆ?"

"ಅರ ಎಲ್ಲಿ ತಾಗ್ತದೆ ಅಂತ ಗೊತ್ತಾಗಬೇಡವಾ? ಕಪ್ಪು ಎಲ್ಲಿ ಉಳಿಯಿತೋ ಅಲ್ಲಿ ಉಜ್ಜಿಲ್ಲ ಅಂತ ಲೆಕ್ಕ."

ಅಷ್ಟರಲ್ಲಿ ಮಧ್ಯಾಹ್ನದ ಪಾಳಿಗೆ ಆಫೀಸಿಗೆ ಹೊರಟಿದ್ದ ಮಗಳು ಕನ್ನಡಿಯ ಮುಂದಿನಿಂದ ಕೂಗಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಮಮ್ಮಿ, ಮೇರಾ ಕಾಜಲ್ ಕಹಾಂ ಹೈ?"

"ಕೊಡಲಿ ಹಾಕಿಕೊಂಡಿದೆ," ಎಂದರು ಅತ್ತೆ, ತಲೆಯೆತ್ತದೆ.

ಅರದಿಂದ ಒಂದೇ ದಿಕ್ಕಿಗೆ ಉಜ್ಜಿ, ಆಮೇಲೆ ಕಲ್ಲಿಗೆ ನೀರು ಹನಿಸಿ ನಯ ಮಾಡಿ, ನಾವು ಕೆಳಗಿಳಿದಾಗ ಅರ್ಧ ಸೊಸೈಟಿ ತೋಟದಲ್ಲಿತ್ತು. ಅತ್ತೆ ಬೀಸಿದರು. ಕೊಡಲಿ ಕಚ್ಚಿತು, ಬಿಳಿ ಚಕ್ಕೆ ಹಾರಿತು. ಸದ್ದಿನ ಬಗ್ಗೆ ತಕರಾರು ಮಾಡಲು ಬಂದಿದ್ದ ಸೊಸೈಟಿಯ ಸೆಕ್ರೆಟರಿ, "ಮಲಾ ದ್ಯಾ," ಎಂದು ಕೈಚಾಚಿ ಕೊಡಲಿ ಇಸಿದುಕೊಂಡರು. ಆಮೇಲೆ ನನ್ನ ಸರದಿ. ಆಹಾ, ಹರಿತವಾದ ಕೊಡಲಿ ಮರಕ್ಕಿಳಿಯುವ ಸುಖವನ್ನು ಹೇಗೆ ಹೇಳಲಿ! ದಾರಿ ತೆರವಾದ ಮೇಲೂ ಕಡಿಯಲು ಇನ್ನೇನಾದರೂ ಇದೆಯೇ ಎಂದು ನಾವೆಲ್ಲ ಸುತ್ತ ಹುಡುಕಿದೆವು.

ಊಟವಾದ ಮೇಲೆ ನಾನು ಹೊರಡುವ ತಯಾರಿಯಲ್ಲಿದ್ದೆ. ಅತ್ತೆ ಗಿಡ ಕತ್ತರಿಯ ಬಾಯಿ ಅಗಲಿಸಿಕೊಂಡು ಪುಟ್ಟ ಕಲ್ಲಿನೊಡನೆ ಕೂತಿದ್ದರು. ಉಜ್ಜುವುದು, ಎಡಗೈಯ ಎರಡೇ ಬೆರಳಿನಲ್ಲಿ ಹಿಡಿದು ಕಾಗದ ಕತ್ತರಿಸಿ ನೋಡುವುದು, ತಲೆಯಾಡಿಸಿ ಮತ್ತೆ ಉಜ್ಜುವುದು. "ಸಾಕಲ್ವಾ ಅತ್ತೆ?" ಎಂದೆ. ಅತ್ತೆ ಸ್ಪ್ರಿಂಗಿಗೆ ಎಣ್ಣೆ ಬಿಟ್ಟು, ಒರೆಸಿ, "ಬಾ," ಎಂದು ಕೆಳಗಿಳಿದರು.

ನೆಲಮಹಡಿಯಲ್ಲಿ, ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಒಬ್ಬ ಮರಾಠಿ ಹೆಂಗಸು ಇದ್ದಾರೆ. ಅವರೂ ಅತ್ತೆಯೂ ಸೇರಿ ಈ ತೋಟ ಎಬ್ಬಿಸಿದ್ದಂತೆ. ಪಾರ್ಶ್ವವಾಯು ಬಡಿದ ಮೇಲೆ ಕಾಕುವಿನ ಬಲಗೈಯ ಬೆರಳಲ್ಲಿ ಶಕ್ತಿಯಿಲ್ಲ. ಮಳೆಗಾಲ ಶುರುವಾದಾಗಿನಿಂದ ಅವರು ತೋಟದ ಕಡೆಯ ಹಿಂಬಾಗಿಲು ತೆರೆದಿರಲೇ ಇಲ್ಲ ಎಂದು ಅತ್ತೆ ಮೆಟ್ಟಿಲಿಳಿಯುತ್ತಾ ಹೇಳಿದರು.

ಅತ್ತೆ ಅವರನ್ನು ಕೈಹಿಡಿದು ಹೊರಗೆ ಕರೆತಂದು ದಾಸವಾಳದ ಪಕ್ಕ ಕುರ್ಚಿಯಲ್ಲಿ ಕೂರಿಸಿದರು. ಬಲಗೈಯಲ್ಲೇ ಕತ್ತರಿ ಇಟ್ಟರು.

"ನಕೋ ಗ," ಎಂದರು ಕಾಕು. "ಮಾಝ್ಯಾ ಹಾತಾನೇ ಹೋತ್ ನಾಹೀ." ಬೇಡ ಮಾರಾಯ್ತಿ, ನನ್ನ ಕೈಯಲ್ಲಿ ಆಗುವುದಿಲ್ಲ.

"ದಾಬ್ ತರ್," ಒತ್ತು ನೋಡುವ, ಎಂದು ಅತ್ತೆ ಒಣ ಕೊಂಬೆಯೊಂದನ್ನು ಬಗ್ಗಿಸಿ ಅವರ ಮುಂದೆ ಹಿಡಿದರು.

ಕಾಕು ಮುಖ ತಿರುಗಿಸಿಯೇ ಒತ್ತಿದರು. ಸದ್ದೇ ಆಗಲಿಲ್ಲ. ಕೊಂಬೆ ಅವರ ಮಡಿಲಿಗೆ ಬಿತ್ತು. ಅದನ್ನು ನೋಡಿದರು, ತಮ್ಮ ಕೈಯನ್ನು ನೋಡಿದರು. ತುಟಿ ಒಂದು ಕಡೆಗೆ ಮಾತ್ರ ಅರಳಿತು.

"ಆಣಖಿ ಏಕ್ ದೇ," ಎಂದರು.

ಇನ್ನೊಂದು ಕೊಡು. ಅತ್ತೆ ಕೊಟ್ಟರು. ದಾಸವಾಳವನ್ನು ಯಾರಿಗೂ ಮುಟ್ಟಗೊಡದ ನನ್ನ ಅತ್ತೆ, ಆ ಮಧ್ಯಾಹ್ನ ಒಣಗಿದ್ದು ಮುಗಿದ ಮೇಲೆ ಹಸಿ ಕೊಂಬೆಗಳನ್ನೂ ಒಂದೊಂದಾಗಿ ಬಗ್ಗಿಸಿ ಹಿಡಿಯುತ್ತಲೇ ಇದ್ದರು.