ಮೂಲದವರ ಒಪ್ಪಿಗೆ

ನಮ್ಮ ವಿವಾಹ ನೋಂದಣಿ ಕಚೇರಿಯ ಕಂಪ್ಯೂಟರಿನ ಪ್ರಕಾರ ಫೆಬ್ರವರಿ ಇಪ್ಪತ್ತೊಂಬತ್ತರಂದು ಜಗತ್ತಿನಲ್ಲಿ ಯಾರೂ ಹುಟ್ಟಿಲ್ಲ. ಇದು ಕಾನೂನಲ್ಲ, ತಾರೀಖು ಪರೀಕ್ಷಿಸುವ ಒಂದು ಪುಟ್ಟ ತಂತ್ರಾಂಶದ ಪ್ಯಾಕೇಜಿನಲ್ಲಿರುವ ತಪ್ಪು. ಆ ಪ್ಯಾಕೇಜನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಹಾಗೆಂದು ಅದನ್ನು ಬರೆದ ಪುಣ್ಯಾತ್ಮನೇ ಅದರ ಮೇಲೆ ಬರೆದಿಟ್ಟಿದ್ದಾನೆ. ಬರೆದಿಟ್ಟವನು ಮೂರು ವರ್ಷದಿಂದ ನಾಪತ್ತೆ.

ಇಂಥವನ್ನೆಲ್ಲ ನೋಡಿಕೊಳ್ಳುವವಳು ನಮ್ಮ ಪ್ಯಾಕೇಜಕ್ಕ. ತಪ್ಪನ್ನು ಅವಳು ಒಂದೇ ಸಾಲಿನಲ್ಲಿ ತಿದ್ದಿದಳು. ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಆದರೆ ನಿಯಮ ಹದಿನಾಲ್ಕರಂತೆ, ಮೂಲದವರು, ಅಂದರೆ ಪ್ಯಾಕೇಜನ್ನು ಮೊದಲು ಬರೆದವರು, ಲಿಖಿತವಾಗಿ ಒಪ್ಪದ ಹೊರತು ಯಾವ ತಿದ್ದುಪಡಿಯನ್ನೂ ಅಳವಡಿಸತಕ್ಕದ್ದಲ್ಲ. ಅವಳು ಆ ಮೂಲದವನಿಗೆ ಹನ್ನೊಂದು ಪತ್ರ ಬರೆದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಅಷ್ಟರಲ್ಲಿ ಅವನ ಶಿಷ್ಯರು ಕಿತ್ತಾಡಿ ಮೂರು ಪಾಲಾಗಿದ್ದರು, ಮೂರು ಪಾಲಿನವರೂ ತಾವೇ ಮೂಲ ಎನ್ನುತ್ತಿದ್ದರು. ಮೊದಲನೆಯವರು ಲಾಂಛನದ ಬಣ್ಣವನ್ನು ಐದು ಸಲ ಬದಲಿಸಿದ್ದರು, ಫೆಬ್ರವರಿಯನ್ನು ಮುಟ್ಟಿರಲಿಲ್ಲ. ಎರಡನೆಯವರು, “ಮೊದಲು ಉಳಿದಿಬ್ಬರನ್ನು ಖಂಡಿಸಿ, ಆಮೇಲೆ ನೋಡೋಣ” ಎಂದು ಬರೆದರು. ಮೂರನೆಯವರು ಮಾರ್ಚ್ ತಿಂಗಳನ್ನೂ ತೆಗೆದುಹಾಕುವ ಯೋಚನೆಯಲ್ಲಿದ್ದರು.

ಹೀಗಿರುವಾಗ ಒಂದು ಸೋಮವಾರ ಪ್ಯಾಕೇಜಕ್ಕನ ಒಡಹುಟ್ಟಿದ ತಂಗಿಯೇ ಮದುವೆಯಾಗುವ ಹುಡುಗನ ಜೊತೆ ಕೌಂಟರಿಗೆ ಬಂದಳು. ಅವಳು ಹುಟ್ಟಿದ್ದು ಅದೇ ಇಪ್ಪತ್ತೊಂಬತ್ತರಂದು. ಹುಡುಗನಿಗೆ ಹೊಸ ಕೆಲಸ. ಶುಕ್ರವಾರದೊಳಗೆ ಮದುವೆ ಪತ್ರ ತೋರಿಸಿದರೆ ಎರಡು ಕೋಣೆಯ ಕ್ವಾರ್ಟರ್ಸ್, ಇಲ್ಲದಿದ್ದರೆ ಅದು ಬೇರೆಯವರ ಪಾಲು.

“ಅಕ್ಕಾ, ನಾನು ಹುಟ್ಟೇ ಇಲ್ವಂತೆ ಕಣೇ!” ಎಂದು ತಂಗಿ ಅತ್ತಳು.

“ಅಳಬೇಡಮ್ಮ,” ಎಂದರು ನಮ್ಮ ಸಾಹೇಬರು, ಬಹಳ ಕರುಣೆಯಿಂದ. “ಹುಟ್ಟೋದಕ್ಕೆ ಅಷ್ಟು ಅವಸರ ಯಾಕೆ? ಮೂಲದವರ ಉತ್ತರ ಬರಲಿ.”

ಆದರೂ ಸಾಹೇಬರದು ಹೆಂಗರುಳು. ಅಂದೇ ಸಮಿತಿ ರಚಿಸಿದರು. ಟಿಪ್ಪಣಿ ಬರೆದವನು ನಾನೇ: “ಮೂಲದವನು ನಿಷ್ಕ್ರಿಯನಾಗಿರುವುದರಿಂದ ಪ್ಯಾಕೇಜಕ್ಕನನ್ನೇ ಮೂಲದವಳೆಂದು ನೇಮಿಸಲಾಗಿದೆ.” ನನಗೆ ನಿಜಕ್ಕೂ ಖುಷಿಯಾಯಿತು. ಅವಳು ಅಲ್ಲೇ ಕೂತು, ತಾನೇ ಬರೆದ ಪತ್ರವನ್ನು ತಾನೇ ಓದಿ, ಒಪ್ಪಿಗೆ ಬರೆದು ಮೇಜಿನ ಮೇಲಿಟ್ಟಳು.

ಸಾಹೇಬರು ಕನ್ನಡಕ ತೆಗೆದರು. “ಕಳಿಸಿದೋಳೂ ನೀನೇ, ಒಪ್ಪಿದೋಳೂ ನೀನೇ. ನೋಡಿದವರು ಏನಂದ್ಕೋತಾರಮ್ಮ?”

“ಮತ್ತೇನ್ಮಾಡ್ಲಿ ಸಾರ್?”

“ನಿನ್ನ ಪತ್ರಕ್ಕೆ ನೀನು ಉತ್ತರ ಕೊಡಬೇಡ. ಅದು ಮರ್ಯಾದೆ.”

ಕೊಡಲಿಲ್ಲ. ಬುಧವಾರ ಅವಳಿಗೇ ಒಂದು ನೋಟಿಸ್ ಬಂತು: “ಮೂಲದವಳು ಎರಡು ದಿನಗಳಿಂದ ಯಾವುದೇ ಪತ್ರಕ್ಕೆ ಉತ್ತರಿಸದ ಕಾರಣ ಆಕೆಯನ್ನೂ ನಿಷ್ಕ್ರಿಯಳೆಂದು ಘೋಷಿಸಲಾಗಿದೆ.” ಪ್ಯಾಕೇಜಕ್ಕ “ತಲುಪಿದೆ” ಎಂದು ಬರೆದು ಸಹಿ ಹಾಕಿ, ಸ್ಟೇಪ್ಲರನ್ನು ಗೋಡೆಗೆ ಎಸೆದಳು. “ನಿಮ್ಮ ಮೂಲಕ್ಕಿಷ್ಟು ಬೆಂಕಿ ಹಾಕ!” ಎಂದಳು. ವಿಷಯದ ಮೇಲೆ ವಿವರವಾದ ಚರ್ಚೆ ನಡೆಯಿತು ಎಂದು ನಾನು ಬರೆದುಕೊಂಡೆ.

ಶುಕ್ರವಾರ ಬೆಳಿಗ್ಗೆ ಸಾಹೇಬರೇ ದಾರಿ ಕಂಡುಹಿಡಿದು ಬೋರ್ಡಿಗೆ ಪ್ರಕಟಣೆ ಅಂಟಿಸಿದರು: “ಹುಟ್ಟದೇ ಇರುವ ವಧೂವರರು ತಮ್ಮ ಬದಲಿಗೆ, ಕಂಪ್ಯೂಟರ್ ಒಪ್ಪುವ ದಿನದಂದು ಹುಟ್ಟಿರುವ ಅಕ್ಕತಂಗಿ ಅಥವಾ ಅಣ್ಣತಮ್ಮಂದಿರನ್ನು ಹಾಜರುಪಡಿಸತಕ್ಕದ್ದು.”

ಪ್ಯಾಕೇಜಕ್ಕ ಹುಟ್ಟಿದ್ದು ಜೂನ್ ಹತ್ತರಂದು. ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ. ಹುಡುಗ ಸಹಿ ಹಾಕಿದ, ವಧುವಿನ ಜಾಗದಲ್ಲಿ ಪ್ಯಾಕೇಜಕ್ಕ ಹಲ್ಲು ಕಚ್ಚಿಕೊಂಡು ಸಹಿ ಹಾಕಿದಳು. ತಂಗಿ ಸಾಕ್ಷಿಯಾಗಿ ಸಹಿ ಹಾಕಿದಳು. ಸಾಕ್ಷಿಗಳು ಹುಟ್ಟಿರಬೇಕೆಂಬ ನಿಯಮವಿಲ್ಲ. ಸಾಹೇಬರು ಮೂವರಿಗೂ ನೂರು ಕಾಲ ಬಾಳಿ ಎಂದು ಹರಸಿದರು. ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದೆವು.

ತಂಗಿ ಮದುವೆ ಪತ್ರವನ್ನು ಎರಡು ಸಲ ಓದಿ, ಕಣ್ಣೊರೆಸಿಕೊಂಡು, ಜೋಪಾನವಾಗಿ ಬ್ಯಾಗಿನೊಳಗಿಟ್ಟಳು.

“ಅಕ್ಕಾ,” ಎಂದಳು, “ನಿನ್ನ ಗಂಡನ ಕ್ವಾರ್ಟರ್ಸಲ್ಲಿ ನಾನೂ ಇರ್ತೀನಿ ಅಂತ ಒಂದು ಅರ್ಜಿ ಬರ್ಕೊಡೇ. ಹೆಂಡತಿಯ ತಂಗಿ ಅಂದ್ರೆ ಬಿಡ್ತಾರಂತೆ.”